ಚಳಿಗಾಲಕ್ಕೆ ಬ್ಯಾಂಬರ್ಗ್: ಹೊಗೆ ಪರಿಮಳದ ಬಿಯರ್, ಬೆಚ್ಚಗಿನ ಬೆಂಚು

ಪ್ರಶ್ನೆ: ನಾವು ಗಂಡ ಹೆಂಡತಿ ಜರ್ಮನಿಯ ಎರ್ಲಾಂಗನ್‌ನಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಹಾಸನದಿಂದ ನನ್ನ ತಮ್ಮ ಮತ್ತು ಅವನ ಹೆಂಡತಿ ಬರುತ್ತಿದ್ದಾರೆ. ಬಿಯರ್ ಅಲ್ಲೇ ತಯಾರಿಸಿ ಅಲ್ಲೇ ಕೊಡುವ, ಬೆಚ್ಚಗೆ ಕೂತು ಮಾತಾಡಬಹುದಾದ ಚಿಕ್ಕ ಜಾಗ ಬೇಕು. ಮ್ಯೂನಿಕ್‌ನ ದೊಡ್ಡ ಹಾಲ್‌ಗಳ ಗದ್ದಲ ಬೇಡ. ಎಲ್ಲಿಗೆ ಕರೆದುಕೊಂಡು ಹೋಗಲಿ?
— ಎರ್ಲಾಂಗನ್‌ನ ಓದುಗರೊಬ್ಬರು

ಉತ್ತರ: ದೂರ ಯಾಕೆ ಹುಡುಕ್ತೀರಿ, ಹೊಗೆ ಪರಿಮಳದ ಬಿಯರ್‌ಗೆ ಹೆಸರಾದ ಬ್ಯಾಂಬರ್ಗ್ ನಿಮ್ಮ ಪಕ್ಕದಲ್ಲೇ ಇದೆ ಅಲ್ವಾ? ರೈಲಿನಲ್ಲಿ ಅರ್ಧ ಗಂಟೆ ಆಸುಪಾಸು. ನಾಲ್ಕು ಜನ ಇದ್ದೀರಿ, ಒಂದೇ ಬಯೆರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಲೋಕಲ್ ರೈಲುಗಳ ಒಂದು ದಿನದ ಟಿಕೆಟ್) ತೆಗೆದುಕೊಳ್ಳಿ, ಐದು ಜನರವರೆಗೆ ನಡೆಯುತ್ತದೆ. ವಾರದ ದಿನ ಆದರೆ ಬೆಳಿಗ್ಗೆ 9ರ ನಂತರದ ಲೋಕಲ್ ರೈಲು ಹಿಡಿಯಬೇಕು. ಕಾರು ಮಾತ್ರ ಬೇಡವೇ ಬೇಡ. ಕುಡಿದು ಓಡಿಸೋದು ತಪ್ಪು ಅನ್ನೋದು ಒಂದು. ನಾಲ್ವರಲ್ಲಿ ಒಬ್ಬರು ಇಡೀ ದಿನ ಸುಮ್ನೆ ನೋಡುತ್ತಾ ಕೂರಬೇಕಾಗುತ್ತದೆ, ಅದು ಇನ್ನೊಂದು.

ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಓಬೆರೆ ಕೋನಿಗ್‌ಸ್ಟ್ರಾಸೆ ಎಂಬ ಬೀದಿ. ಅಲ್ಲಿ ಎದುರುಬದುರಾಗಿ ಎರಡು ಹಳೆಯ ಬ್ರೂವರಿಗಳಿವೆ. ಒಂದು ಸ್ಪೆಜಿಯಾಲ್, 1536ರಿಂದ ಇದೆ. ಇನ್ನೊಂದು ಫೆಸ್ಲಾ, 1649ರದು. ನನ್ನ ಮಾತು ಕೇಳಿ, ಮೊದಲು ಸ್ಪೆಜಿಯಾಲ್‌ಗೆ ಹೋಗಿ. ಅಲ್ಲಿನ ಬಿಯರ್‌ಗೂ ಹೊಗೆಯ ಪರಿಮಳ ಇದೆ, ಆದರೆ ತೆಳುವಾಗಿ. ಹೊಸಬರಿಗೆ ಅದೇ ಸರಿ. ನಾನು ಮೊದಲ ಸಲ ಹೋದದ್ದು ಜನವರಿಯಲ್ಲಿ. ಹೊರಗೆ ಕಿವಿ ಕಿತ್ತು ಹೋಗುವ ಚಳಿ. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಮಂಜು ಕಟ್ಟಿತು, ಏನೂ ಕಾಣಲಿಲ್ಲ, ಆದರೆ ಮರದ ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು ಸರಿದು ಜಾಗ ಮಾಡಿಕೊಟ್ಟದ್ದು ಮಾತ್ರ ಸರಿಯಾಗಿ ಗೊತ್ತಾಯಿತು. ಅಲ್ಲಿ ಮೇಜು ಹಂಚಿಕೊಳ್ಳುವುದು ಮಾಮೂಲು. ‘ಇಸ್ಟ್ ಹಿಯರ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯಾ?) ಅಂತ ಕೇಳಿ ಕೂತರೆ ಆಯಿತು. ‘ಸ್ಟಾಮ್‌ಟಿಶ್’ ಅಂತ ಬೋರ್ಡ್ ಇಟ್ಟಿರುವ ಮೇಜು ಮಾತ್ರ ಬಿಡಿ, ಅದು ದಿನವೂ ಬರುವವರದು.

ಅಲ್ಲಿಂದ ನದಿ ದಾಟಿ ಹಳೇ ಊರಿಗೆ ಬನ್ನಿ. ರೆಗ್ನಿಟ್ಜ್ ನದಿಯ ಮಧ್ಯೆ ನಿಂತ ಹಳೆಯ ಟೌನ್‌ಹಾಲ್ ನೋಡಿ, ಹಾಗೇ ಕತೀಡ್ರಲ್ ಗುಡ್ಡದ ಬುಡಕ್ಕೆ ನಡೆದರೆ ಶ್ಲೆಂಕರ್ಲಾ ಎಂಬ ಬಿಯರ್ ಮನೆ ಸಿಗುತ್ತದೆ. ಈ ಮನೆಯ ಉಲ್ಲೇಖ 1405ರ ದಾಖಲೆಯಲ್ಲೇ ಇದೆ. ಬಿಯರ್ ಮರದ ಪೀಪಾಯಿಯಿಂದ ನೇರವಾಗಿ ಗ್ಲಾಸಿಗೆ ಬರುತ್ತದೆ. ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, ಕಪ್ಪು ಅಂದುಕೊಂಡದ್ದು ಕಡುಗೆಂಪಾಗಿ ಹೊಳೆಯುತ್ತದೆ. ಮೂಗಿನ ಹತ್ತಿರ ತಂದಾಗ ನನಗೆ ನೆನಪಾದದ್ದು ಊರಿನ ಬಚ್ಚಲ ಒಲೆ. ನಿಮ್ಮ ತಮ್ಮನಿಗೂ ಹಾಗೇ ಆದೀತು. ಮೊದಲ ಗುಟುಕಿಗೆ ಮುಖ ಕಿವುಚಿದರೆ ಬೇಸರ ಮಾಡ್ಕೋಬೇಡಿ. ಅರ್ಧ ಗ್ಲಾಸ್ ಆಗುವಷ್ಟರಲ್ಲಿ ನಾಲಿಗೆಗೆ ಹೊಗೆ ಒಗ್ಗುತ್ತದೆ, ಆಮೇಲೆ ಅದರ ಹಿಂದಿನ ಸಿಹಿ ಗೊತ್ತಾಗುತ್ತದೆ. ಇಲ್ಲಿನ ಮಾಮೂಲಿ ಬಿಯರ್ 5.1 ಶೇಕಡ. ಕ್ರಿಸ್‌ಮಸ್ ಹೊತ್ತಿಗೆ ಬರುವ ‘ಐಷೆ’ 8 ಶೇಕಡ. ಅದರ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಒಣಗಿಸುವುದು ಓಕ್ ಸೌದೆಯಲ್ಲಿ. ಅದನ್ನು ನಾಲ್ವರೂ ಸೇರಿ ಒಂದೇ ಗ್ಲಾಸ್ ಹಂಚಿಕೊಳ್ಳಿ, ಸಾಕು.

ಸಮಯ ಉಳಿದರೆ ಮಾರ್ಸ್ ಬ್ರೂವರಿಗೆ ಹೋಗಿ ಬರೀ ‘ಊ’ (ಅಲ್ಲಿನ ಸೋಸದ ಬಿಯರ್‌ನ ಚಿಕ್ಕ ಹೆಸರು) ಅನ್ನಿ, ಏನು ಕೊಡಬೇಕು ಅಂತ ಅವರಿಗೆ ಗೊತ್ತು. ಆದರೆ ಒಂದು ದಿನಕ್ಕೆ ಎರಡು ಮನೆಗಿಂತ ಜಾಸ್ತಿ ಬೇಡ ಅಂತಲೇ ನಾನು ಹೇಳೋದು. ಲೆಕ್ಕ ಹಾಕಿಕೊಂಡು ಓಡಾಡಿದರೆ ಕೂರುವ ಸುಖ ಹೋಗುತ್ತದೆ. ಗುಡ್ಡದ ಮೇಲಿನ ಬಿಯರ್ ತೋಟಗಳು ಬೇಸಿಗೆಯ ಜಾಗ, ಈಗ ಅತ್ತ ಹೋಗಬೇಡಿ. ಕೈಯಲ್ಲಿ ನಗದು ಇರಲಿ. ಡಿಸೆಂಬರ್ 24ರ ಸಂಜೆ ಎಲ್ಲರೂ ಮನೆ ಸೇರಿಕೊಳ್ಳುತ್ತಾರೆ, ಆ ದಿನ ಬಿಟ್ಟು ಹೋಗಿ.

ಪ್ರಶ್ನೆ: ನಾನು ಸಸ್ಯಾಹಾರಿ. ಬ್ಯಾಂಬರ್ಗ್‌ನ ಹೊಗೆ ಬಿಯರ್‌ನಲ್ಲಿ ಸುಟ್ಟ ಮಾಂಸದ ವಾಸನೆ ಬಂತು, ಅರ್ಧಕ್ಕೇ ಬಿಟ್ಟೆ. ಅದಕ್ಕೆ ಮಾಂಸ ಹಾಕುತ್ತಾರಾ?
— ಮೈಸೂರಿನ ಓದುಗರು

ಉತ್ತರ: ಇಲ್ಲ, ಖಂಡಿತ ಇಲ್ಲ. ಅದು ಬರೀ ಬೀಚ್ ಮರದ ಸೌದೆಯ ಹೊಗೆ. ನಾವು ರಾಗಿ ಮೊಳಕೆ ಕಟ್ಟಿ ಒಣಗಿಸುತ್ತೇವಲ್ಲ, ಹಾಗೆ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಹಿಂದೆ ಅದನ್ನು ಸೌದೆ ಬೆಂಕಿಯ ಮೇಲೇ ಒಣಗಿಸುತ್ತಿದ್ದರು. ಹಾಗಾಗಿ ಎಷ್ಟೋ ಊರಿನ ಬಿಯರ್‌ಗೆ ಹೊಗೆ ಹತ್ತಿರುತ್ತಿತ್ತು. ಆಮೇಲೆ ಹೊಗೆ ತಾಗದೆ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದವು, ಎಲ್ಲರೂ ಅತ್ತ ಹೋದರು. ಶ್ಲೆಂಕರ್ಲಾ ಮತ್ತು ಸ್ಪೆಜಿಯಾಲ್ ಇವತ್ತಿಗೂ ತಮ್ಮ ಮಾಲ್ಟ್ ತಾವೇ ಸೌದೆ ಉರಿಸಿ ಒಣಗಿಸಿಕೊಳ್ಳುತ್ತವೆ. ಅಲ್ಲಿನವರು ಹಂದಿ ಮಾಂಸಕ್ಕೂ ಇದೇ ಮರದ ಹೊಗೆ ಕೊಡುವುದರಿಂದ ಮೂಗಿಗೆ ಎರಡೂ ಒಂದೇ ಅನ್ನಿಸುತ್ತದೆ, ಅಷ್ಟೇ. ಬವೇರಿಯಾದಲ್ಲಿ 1516ರ ಕಾಯ್ದೆ ಬಿಯರ್‌ಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂವು), ನೀರು ಬಿಟ್ಟು ಬೇರೇನೂ ಹಾಕಬಾರದು ಎಂದಿತ್ತು. ನಮ್ಮ ಕಡೆ ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜಿನ ರುಚಿ ನೆನೆಸಿಕೊಂಡು ಇನ್ನೊಂದು ಸಲ ಕುಡಿದು ನೋಡಿ.

ಊಟದಲ್ಲಿ ಮಾತ್ರ ಎಚ್ಚರ. ಬ್ಯಾಂಬರ್ಗ್‌ನ ಈರುಳ್ಳಿ ಅಂತ ಮೆನುವಿನಲ್ಲಿ ಕಂಡರೆ ತರಿಸಬೇಡಿ, ಅದರ ಹೊಟ್ಟೆಯಲ್ಲಿ ಮಾಂಸದ ಖೀಮಾ ತುಂಬಿರುತ್ತದೆ. ಒಬಾಟ್ಸ್‌ಡಾ ಎಂಬ ಚೀಸ್ ಮುದ್ದೆ ಇದ್ದರೆ ಪ್ರೆಟ್ಜೆಲ್ ಜೊತೆ ಕೇಳಿ.

ಪ್ರಶ್ನೆ: ಅಮ್ಮ ಮತ್ತು ಎಂಟು ವರ್ಷದ ಮಗಳನ್ನು ಇಂಥ ಕಡೆ ಕರೆದುಕೊಂಡು ಹೋಗಬಹುದಾ? ಅಮ್ಮ ಕುಡಿಯುವುದಿಲ್ಲ.
— ನ್ಯೂರೆಂಬರ್ಗ್‌ನ ಓದುಗರು

ಉತ್ತರ: ಧಾರಾಳವಾಗಿ. ಅಲ್ಲಿ ಇವು ಊಟದ ಮನೆಗಳೂ ಹೌದು, ಮಧ್ಯಾಹ್ನ ಮಕ್ಕಳು ಮರಿ ಎಲ್ಲ ಇರುತ್ತಾರೆ. ಇಬ್ಬರಿಗೂ ಆಪ್ಫೆಲ್‌ಶೋರ್ಲೆ, ಅಂದರೆ ಸೋಡಾ ಬೆರೆಸಿದ ಸೇಬಿನ ರಸ, ತರಿಸಿ. ಅದಕ್ಕೂ ಮೊದಲು ಊರಿನ ಚರ್ಚ್‌ಗಳಲ್ಲಿ ಇಡುವ ಕ್ರಿಸ್‌ಮಸ್ ಗೊಂಬೆಗಳನ್ನು ತೋರಿಸಿ. ನಮ್ಮ ದಸರಾ ಗೊಂಬೆ ಕೂರಿಸಿದ ಹಾಗೇ ಇರುತ್ತದೆ, ಅಮ್ಮನಿಗೆ ಬಿಟ್ಟು ಬರೋಕೆ ಮನಸ್ಸಾಗಲ್ಲ.

ಪ್ರಶ್ನೆ: ಜರ್ಮನಿ ಎಲ್ಲ ನಮಗೆ ದೂರ. ಬೆಂಗಳೂರಲ್ಲೇ ಚಳಿಗಾಲಕ್ಕೆ ಯಾವುದು?
— ರಾಜಾಜಿನಗರದ ಓದುಗರು

ಉತ್ತರ: ನನಗೆ ಇಷ್ಟವಾದದ್ದು ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್. ಒಳಗೆ ಗೋಡೆ ತುಂಬಾ ಪುಸ್ತಕ, ಜೊತೆಗೆ ಸಂಗೀತಕ್ಕೊಂದು ವೇದಿಕೆ. ಅಷ್ಟು ದೂರ ಬೇಡ ಅಂದರೆ ಇಂದಿರಾನಗರ 100 ಅಡಿ ರಸ್ತೆಯ ಟಾಯ್ಟ್, 2010ರಿಂದ ಇದೆ. ಶನಿವಾರ ರಾತ್ರಿ ಹೋದರೆ ನಿಲ್ಲೋಕೂ ಜಾಗ ಇರಲ್ಲ. ಮಂಗಳವಾರವೋ ಬುಧವಾರವೋ ಸಂಜೆ ಬೇಗ ಹೋಗಿ. ಗೋಧಿ ಬಿಯರ್ ಬೇಸಿಗೆಗೆ ಇರಲಿ, ಡಿಸೆಂಬರ್, ಜನವರಿಯಲ್ಲಿ ಆವತ್ತು ಸ್ಟೌಟ್ ಅಥವಾ ಬೇರೆ ಯಾವ ಕಪ್ಪು ಬಿಯರ್ ಇದೆ ಅಂತ ವಿಚಾರಿಸಿ. ತುಂಬಾ ತಣ್ಣಗೆ ಬಂದರೆ ಐದು ನಿಮಿಷ ಮೇಜಿನ ಮೇಲೆ ಬಿಡಿ. ಆಮೇಲೆ ಹುರಿದ ಕಾಫಿ ಬೀಜದ ಪರಿಮಳ ಮೇಲೆ ಬರುತ್ತದೆ. ವಾಪಸ್ ಬರೋಕೆ ಮೆಟ್ರೋ ಅಥವಾ ಆಟೋ.