ಸ್ಟಾರ್ ರೇಡರ್ಸ್ ಗೇಮ್‌ನಲ್ಲಿ ಅಂಥದ್ದೇನಿತ್ತು? ಬರೀ ಗುಂಡು ಹಾರಿಸೋ ಆಟ ಅಲ್ವಾ?

ಅಲ್ಲ. ಗುಂಡು ಹಾರಿಸುವುದು ಅದರಲ್ಲಿ ಅರ್ಧ ಭಾಗ ಮಾತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಂದ ಅಟಾರಿ 400 ಮತ್ತು 800 ಎಂಬ ಮನೆ ಕಂಪ್ಯೂಟರ್‌ಗಳಿಗೆ ಇದನ್ನು ಬರೆದವರು ಡಗ್ ನ್ಯೂಬಾವರ್. ಆ ಕಂಪ್ಯೂಟರ್‌ಗಳ ಸದ್ದಿನ ಚಿಪ್ 'ಪೋಕಿ'ಯ ವಿನ್ಯಾಸದಲ್ಲೂ ಅವರ ಕೈ ಇತ್ತು. ಇಡೀ ಗೇಮ್ ಬರೀ 8 ಕಿಲೋಬೈಟ್! ಈಗ ಫೋನಿನಲ್ಲಿ ತೆಗೆಯೋ ಒಂದು ಫೋಟೋಗೂ ಅದು ಸಾಲದು.

ಆಗಿನ ಎಷ್ಟೋ ಗೇಮ್‌ಗಳಲ್ಲಿ ಬಾಹ್ಯಾಕಾಶ ಹಡಗು ಪರದೆಯ ಕೆಳಗೆ ಅತ್ತಿತ್ತ ಸರಿಯುತ್ತಿತ್ತು, ಅಷ್ಟೇ. ಇಲ್ಲಿ ನೀವು ಹಡಗಿನೊಳಗೇ ಕೂತಿರುತ್ತೀರಿ. ನಕ್ಷತ್ರಗಳು ಎದುರಿಗೆ ನುಗ್ಗಿ ಬರುತ್ತವೆ. 'ಎ' ಒತ್ತಿದರೆ ಹಿಂದಿನ ನೋಟ, 'ಎಸ್' ಒತ್ತಿದರೆ ರಕ್ಷಾಕವಚ, 'ಜಿ' ಒತ್ತಿದರೆ ಇಡೀ ಗ್ಯಾಲಕ್ಸಿಯ ನಕ್ಷೆ.

ನನ್ನ ಪ್ರಕಾರ ನಿಜವಾದ ಮಜಾ ಇರುವುದು ಆ ನಕ್ಷೆಯಲ್ಲೇ. ನೀವು ಒಂದು ಕಡೆ ಹೊಡೆದಾಡುತ್ತಿದ್ದರೆ, ಉಳಿದ ಕಡೆ ಶತ್ರುಗಳು ಸುಮ್ನೆ ಕೂತಿರುವುದಿಲ್ಲ. ಜೈಲಾನ್ ಎಂಬ ಈ ಶತ್ರು ಪಡೆಗಳು ನಕ್ಷೆಯಲ್ಲಿ ಚೌಕದಿಂದ ಚೌಕಕ್ಕೆ ಸರಿಯುತ್ತಾ ನಿಮ್ಮ ನೆಲೆಯನ್ನು ಸುತ್ತುವರಿಯುತ್ತವೆ. ಬೇಗ ಹೋಗಿ ಬಿಡಿಸದಿದ್ದರೆ ಆ ನೆಲೆ ಹೋಯ್ತು ಅಂತಲೇ ಲೆಕ್ಕ. ಇಂಧನ ತುಂಬಿಸಲು, ರಿಪೇರಿ ಮಾಡಿಸಲು ಇರುವುದು ಆ ನೆಲೆಗಳೇ! ಏಟು ಬಿದ್ದರೆ ಹಡಗಿನ ಒಂದೊಂದೇ ಭಾಗ ಕೆಡುತ್ತದೆ. ಕವಚ ಹಾಳಾದ ಮೇಲೂ ಹೋರಾಡಬೇಕೋ, ಓಡಬೇಕೋ ಅನ್ನುವುದು ನಿಮಗೇ ಬಿಟ್ಟಿದ್ದು.

ಕೊನೆಗೆ ಗೇಮ್ ನಿಮಗೊಂದು ಪದವಿ ಕೊಡುತ್ತದೆ. ಕೆಟ್ಟದಾಗಿ ಆಡಿದರೆ ಸಿಗುವುದು ಕಸ ಸಾಗಿಸೋ ಹಡಗಿನ ಕ್ಯಾಪ್ಟನ್ ಪಟ್ಟ.