ದಿಂಬಿಗೆ ತಲೆಯಿಟ್ಟು ನೋಡಿ

ಪ್ರಶ್ನೆ: ನಮ್ಮದು ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಂ. ವಾರ್ಡಿಗೆ ಬಣ್ಣ ಹೊಡೆಸಿ ಹೊಸ ಲೈಟು ಹಾಕಿಸಬೇಕೆಂದಿದ್ದೇವೆ. ರಾತ್ರಿ ನಿದ್ದೆಯೇ ಹತ್ತುವುದಿಲ್ಲ ಎಂಬುದು ರೋಗಿಗಳ ದೂರು. ಏನು ಮಾಡಬಹುದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಪೇಂಟರನ್ನು ಕರೆಸುವ ಮುನ್ನ, ರಾತ್ರಿ ಹತ್ತರ ಮೇಲೆ ಖಾಲಿ ಬೆಡ್ಡಿನಲ್ಲಿ ಅರ್ಧ ಗಂಟೆ ಅಂಗಾತ ಮಲಗಿ. ಓಡಾಡುವವರ ಕಣ್ಣಿಗೆ ಬೀಳುವುದು ಗೋಡೆ, ಮಲಗಿದವರ ಕಣ್ಣಿಗೆ ಸೀಲಿಂಗು. ಫಿನ್ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯರೋಗ ಆಸ್ಪತ್ರೆಯನ್ನು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ರೂಪಿಸಿದ್ದು ಹೀಗೆ ಮಲಗಿದವರ ಲೆಕ್ಕದಲ್ಲೇ. ಸೀಲಿಂಗಿಗೆ ಹಸಿರು ಬಣ್ಣ, ಕಣ್ಣಿಗೆ ಚುಚ್ಚದ ಕಡೆ ದೀಪ. ವಾಶ್‌ಬೇಸಿನ್ನಿನಲ್ಲೂ ನೀರು ಓರೆಯಾಗಿ ಬಿದ್ದು ಸದ್ದಾಗದಂತೆ ಮಾಡಿದ್ದರು, ಪಕ್ಕದ ಹಾಸಿಗೆಯವರು ಮಲಗಿರುತ್ತಾರಲ್ಲ!

ನೀವೂ ಸೀಲಿಂಗಿಗೆ ಹೊಳಪಿಲ್ಲದ ತಿಳಿ ಬಣ್ಣ ಹೊಡೆಸಿ. ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಬೇಡ. ತಲೆಯ ಕಡೆಯ ಗೋಡೆಗೆ, ಆರಡಿ ಎತ್ತರದಲ್ಲಿ, ಬೆಳಕು ಮೇಲಕ್ಕೆ ಹೋಗುವಂತೆ ಕೂರಿಸಿ. ಪರೀಕ್ಷೆ ಮಾಡುವ ಲೈಟಿಗೆ ಪ್ರತಿ ಬೆಡ್ಡಿಗೂ ಬೇರೆ ಸ್ವಿಚ್ ಇರಲಿ. ಇಡೀ ವಾರ್ಡು ಒಂದೇ ಸ್ವಿಚ್ಚಿನಲ್ಲಿದ್ದರೆ ಒಬ್ಬರ ಡ್ರಿಪ್ ಬದಲಿಸಲು ಎಲ್ಲರನ್ನೂ ಎಬ್ಬಿಸಿದಂತೆ. ಶೌಚಾಲಯದ ದಾರಿಗೆ ನೆಲದಿಂದ ಒಂದಡಿ ಮೇಲೆ ಪುಟ್ಟ ಹಳದಿ ದೀಪ ಸಾಕು. ಶೌಚಾಲಯದ ಬಾಗಿಲು ಮಾತ್ರ ಹೊರಕ್ಕೆ ತೆರೆಯಲೇಬೇಕು. ಒಳಗೆ ಯಾರಾದರೂ ಕುಸಿದು ಬಾಗಿಲಿಗೆ ಅಡ್ಡ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು.

ಇನ್ನು ಸದ್ದು. ವಾರ್ಡಿನಲ್ಲಿ ರಾತ್ರಿ ಸರಾಸರಿ 30 ಡೆಸಿಬೆಲ್, ಗರಿಷ್ಠ 40 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತು. ಕಲ್ಲಿನ ಕಟ್ಟೆಗೆ ಸ್ಟೀಲ್ ಟ್ರೇ ತಾಗಿದರೆ ಸಾಕು, ಅದು ಮೀರುತ್ತದೆ. ಕಟ್ಟೆಗೆ ರಬ್ಬರ್ ಶೀಟು, ಟ್ರಾಲಿಗೆ ರಬ್ಬರ್ ಚಕ್ರ, ಬಾಗಿಲಿಗೆ ಡೋರ್ ಕ್ಲೋಸರ್ ಹಾಕಿಸಿ. ಸದ್ದು ಹೀರುವ ಸೀಲಿಂಗ್ ಹಾಕಿಸುವುದಾದರೆ ಒರೆಸಲು ಬರುವಂಥದ್ದನ್ನೇ ಆರಿಸಿ. ಬಟ್ಟೆ ಹೊದಿಸಿದ್ದು ನಿಮ್ಮೂರ ಮಳೆಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಕಿಟಕಿಯಿಂದ ಮರ ಕಂಡರೆ ಬೇಗ ಗುಣವಾಗುತ್ತದಂತೆ, ನಿಜವೇ? ಕಿಟಕಿ ಮುಚ್ಚಿ ಎಸಿ ಹಾಕಿಸಿ ಎನ್ನುತ್ತಾರೆ ಕೆಲವರು.
– ಓದುಗರೊಬ್ಬರು, ತುಮಕೂರು

ಉತ್ತರ: ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕಿಟಕಿಯಾಚೆ ಮರ, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ಕಡು ನೋವುನಿವಾರಕವೂ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ, ನಿಜ. ಆದರೂ ಕಿಟಕಿ ಮುಚ್ಚಬೇಡಿ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ತಿರುಗಿಸುತ್ತದೆ. ಕ್ಷಯರೋಗಿಯೊಬ್ಬರು ಕೆಮ್ಮಿದರೆ ಆ ಗಾಳಿ ಅಲ್ಲೇ ಉಳಿಯುತ್ತದೆ. ಎದುರುಬದುರು ಕಿಟಕಿ ತೆರೆದು ಸೊಳ್ಳೆ ಜಾಲರಿ ಹಾಕಿಸಿ, ಪಶ್ಚಿಮದ ಬಿಸಿಲಿಗೆ ಸಜ್ಜಾ ಇರಲಿ.

ಬೆಡ್ಡಿನ ತಲೆಭಾಗವನ್ನು ಕಿಟಕಿಗೆ ಒತ್ತಿಸಿದ್ದರೆ ರೋಗಿಗೆ ಮರ ಕಾಣುವುದೇ ಇಲ್ಲ. ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿ. ಮಲಗಿದವರ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ ಮೇಲಿರುತ್ತದೆ, ಕಿಟಕಿಯ ಕಟ್ಟೆ ಅದಕ್ಕಿಂತ ಕೆಳಗಿರಲಿ. ಕಟ್ಟೆ ಇಳಿಸಿದಲ್ಲೆಲ್ಲ ಗಟ್ಟಿ ಗ್ರಿಲ್ ಹಾಕಿಸಿ.