‘ವಂಶವಾಹಿ’ ಅಂದಿದ್ದಕ್ಕೆ ಶುರುವಾದ ಜಗಳ

ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಚಿನ್ನು ಅನ್ನೋಣ. ಎಂಟು ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ.

ಮಳೆಗಾಲದಲ್ಲಿ ಅವಳ ಮೀನಖಂಡದ ಮೇಲೆ ಕಡಲೆಕಾಳಿನಷ್ಟು ನಸುಗೆಂಪು ಗಂಟು ಎದ್ದಿತ್ತು. ಕೆರೆದರೆ ರಕ್ತ. ನಮ್ಮ ಕಡೆ ಮಳೆಗಾಲದಲ್ಲಿ ಕಾಲಲ್ಲಿ ರಕ್ತ ಕಂಡರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಉಂಬಳ ಕಚ್ಚಿದ್ದು ಅಂದರು. ಆಮೇಲೆ ನರಹುಲಿ ಅಂದರು. ಅಜ್ಜಿ ಸುಣ್ಣ ಹಚ್ಚಿದರು. ಗಂಟು ಸಣ್ಣ ನೆಲ್ಲಿಕಾಯಿಯಷ್ಟಾದ ಮೇಲೆ ಶಿವಮೊಗ್ಗಕ್ಕೆ ಬಂದು ತೆಗೆಸಿದರು. ಬಯಾಪ್ಸಿ ರಿಪೋರ್ಟಿನಲ್ಲಿ ಬಂದಿದ್ದು ‘ಏಟಿಪಿಕಲ್ ಸ್ಪಿಟ್ಜ್ ಟ್ಯೂಮರ್, ಎಎಲ್‌ಕೆ ಜೀನ್ ಫ್ಯೂಷನ್’. ಅಂದರೆ ಚರ್ಮದ ಬಣ್ಣದ ಕೋಶಗಳ ಒಂದು ಬಗೆಯ ಗಂಟು, ಅದರಲ್ಲಿ ಒಂದು ಜೀನ್ ಇನ್ನೊಂದಕ್ಕೆ ಬೆಸೆದುಕೊಂಡಿದೆ.

ನನ್ನ ಹತ್ತಿರ ಅವರು ಬಂದಿದ್ದು ಕಾಯಿಲೆಗಿಂತ ಜಾಸ್ತಿ ಜಗಳಕ್ಕೆ. ಅಪ್ಪ ಫೋನಿನಲ್ಲಿ ಹುಡುಕಿ ‘ಜೀನ್ ಅಂದ್ರೆ ವಂಶವಾಹಿ’ ಅಂತ ಮನೆಯವರಿಗೆ ಹೇಳಿದ್ದ. ಅಷ್ಟೇ ಸಾಕಾಯಿತು. ಚಿನ್ನುವಿನ ಅಮ್ಮನ ಸೋದರಮಾವನಿಗೆ ಮೈತುಂಬ ಗಂಟುಗಳಿದ್ದವಂತೆ. ‘ನಿಮ್ಮ ಕಡೆಯಿಂದಲೇ ಬಂದಿದ್ದು’ ಅಂತ ತೀರ್ಮಾನವೂ ಆಯಿತು. ಆ ಹೆಣ್ಣುಮಗಳು ಹದಿನೈದು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ತಪ್ಪು ಅಪ್ಪನದ್ದೊಂದೇ ಅಲ್ಲ. ಆ ಪದದೊಳಗೇ ‘ವಂಶ’ ಇದೆಯಲ್ಲ. ನಾನೂ ಎಷ್ಟೋ ಸಲ ಯೋಚಿಸದೆ ಅದನ್ನೇ ಬಳಸಿದ್ದೇನೆ. ಈಗ ಬಿಟ್ಟಿದ್ದೇನೆ, ಸುಮ್ನೆ ಜೀನ್ ಅನ್ನುತ್ತೇನೆ.

ಅಪ್ಪನಿಗೆ ಕೇಳಿದೆ, ‘ತೋಟದ ಮೋಟರ್ ವೈರು ಸ್ವಿಚ್ ತಪ್ಪಿಸಿ ನೇರ ಲೈನಿಗೆ ಸೇರಿಕೊಂಡರೆ ಏನಾಗುತ್ತೆ?’

‘ಓಡ್ತಾನೇ ಇರುತ್ತೆ ಮೇಡಂ, ನಿಲ್ಲಲ್ಲ.’

‘ಇದೂ ಹಾಗೇ. ಚರ್ಮದ ಬಣ್ಣ ಮಾಡುವ ಜೀವಕೋಶದಲ್ಲಿ ಈ ಜೀನ್ ಸುಮ್ಮನೆ ಮಲಗಿರಬೇಕು. ಯಾವುದೋ ಒಂದು ಕೋಶದಲ್ಲಿ ಇನ್ನೊಂದು ಜೀನಿನ ತುಂಡಿಗೆ ಅಂಟಿಕೊಂಡು ಆನ್ ಆಗಿದೆ. ಆ ಒಂದು ಕೋಶ ಬೆಳೆದೇ ಈ ಗಂಟಾಗಿದ್ದು. ಮನೆಯ ಬೇರೆ ವೈರಿಂಗ್ ಎಲ್ಲ ಸರಿ ಇದೆ. ಇವಳು ಹುಟ್ಟಿದ ಮೇಲೆ, ಆ ಗಂಟಿನೊಳಗೆ ಮಾತ್ರ ಆದದ್ದು. ಅಮ್ಮನಿಂದಲೂ ಬಂದಿಲ್ಲ, ನಿಮ್ಮಿಂದಲೂ ಇಲ್ಲ. ಇವಳ ತಮ್ಮನಿಗೆ ಟೆಸ್ಟ್ ಮಾಡಿಸಬೇಕಿಲ್ಲ.’

ಅಮ್ಮ ಆಗ ಮೊದಲ ಸಲ ತಲೆ ಎತ್ತಿದರು. ಅತ್ತೆಯ ಮುಂದೆ ಇದನ್ನೇ ಇನ್ನೊಂದು ಸಲ ಹೇಳಿಸಿದರು. ಹೇಳಿದೆ.

ಮುಂದಿನ ಪ್ರಶ್ನೆ ಎಲ್ಲರದ್ದೂ ಒಂದೇ. ‘ಕ್ಯಾನ್ಸರಾ?’ ಇದಕ್ಕೆ ಹೌದು, ಅಲ್ಲ ಅಂತ ಒಂದು ಮಾತಲ್ಲಿ ಉತ್ತರ ಕೊಡಲಾಗುವುದಿಲ್ಲ. ಸೋಫಿ ಸ್ಪಿಟ್ಜ್ ಎಂಬ ಅಮೆರಿಕದ ವೈದ್ಯೆ 1948ರಲ್ಲಿ ಇಂಥ ಗಂಟುಗಳ ಬಗ್ಗೆ ಬರೆದಾಗ ಅವನ್ನು ‘ಮಕ್ಕಳ ಮೆಲನೋಮ’, ಅಂದರೆ ಮಕ್ಕಳಿಗೆ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರ್, ಅಂತಲೇ ಕರೆದಿದ್ದರು. ಸೂಕ್ಷ್ಮದರ್ಶಕದಲ್ಲಿ ಭಯಂಕರವಾಗಿ ಕಂಡರೂ ಹೆಚ್ಚಿನ ಮಕ್ಕಳು ಆರಾಮಾಗಿಯೇ ಇದ್ದರು. ಒಂದು ತುದಿಯಲ್ಲಿ ಏನೂ ಮಾಡದ ಮಚ್ಚೆ, ಇನ್ನೊಂದು ತುದಿಯಲ್ಲಿ ನಿಜವಾದ ಮೆಲನೋಮ, ನಡುವೆ ಚಿನ್ನುವಿನದು. ಎಎಲ್‌ಕೆ, ಎನ್‌ಟಿಆರ್‌ಕೆ, ರಾಸ್1 ಮುಂತಾದ ಜೀನ್‌ಗಳು ಇಂಥ ಹಲವು ಗಂಟುಗಳಲ್ಲಿ ಬೆಸೆದುಕೊಂಡಿರುತ್ತವೆ ಎಂಬುದು ವಿವರವಾಗಿ ಗೊತ್ತಾಗಿದ್ದು 2014ರಲ್ಲಿ.

ಹಾಗಾಗಿ ನಾನು ಮೊದಲು ಹೇಳಿದ್ದು, ಇಂಥವನ್ನು ಜಾಸ್ತಿ ನೋಡಿರುವ ಚರ್ಮದ ಪೆಥಾಲಜಿಸ್ಟ್ ಒಬ್ಬರಿಗೆ ತೋರಿಸಿ ಅಂತ. ರಿಪೋರ್ಟಿನ ಜೆರಾಕ್ಸ್ ಸಾಲದು. ಗಂಟಿನ ತುಂಡು ಇಟ್ಟಿರುವ ಮೇಣದ ಬ್ಲಾಕ್, ಗಾಜಿನ ಸ್ಲೈಡ್ ಎರಡೂ ಬೇಕು. ಲ್ಯಾಬಿನಲ್ಲಿ ಕೇಳಿದರೆ ಕೊಡುತ್ತಾರೆ. ‘ಅದಾ? ಮೇಣದ ಚೂರು ಅಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಾಕಿದೀನಿ’ ಅಂದ ಅಪ್ಪ. ನನಗೆ ಎದೆ ಧಸಕ್ ಅಂದಿತು. ಬಿಸಿಲಿಗೆ ಕರಗಿದ್ದರೆ? ಪುಣ್ಯಕ್ಕೆ ಮೋಡದ ದಿನ.

ಬ್ಲಾಕ್ ಬೆಂಗಳೂರಿಗೆ ಹೋಯಿತು. ಫ್ಯೂಷನ್ ಇರುವುದು ಖಚಿತವಾಯಿತು. ಕೆಟ್ಟದಾಗಿ ತಿರುಗುವ ಗಂಟುಗಳಲ್ಲಿ ಸಿಡಿಕೆಎನ್2ಎ ಎಂಬ ಇನ್ನೊಂದು ಜೀನ್ ಕಳೆದುಹೋಗಿರುವುದುಂಟು. ಚಿನ್ನುವಿನ ಗಂಟಿನಲ್ಲಿ ಆ ಜೀನ್ ಉಳಿದೇ ಇತ್ತು. ಮೊದಲ ಸಲ ಕತ್ತರಿಸಿದ ಅಂಚಿನವರೆಗೂ ಗಂಟು ಬಂದಿದ್ದರಿಂದ, ಸುತ್ತ ಸ್ವಲ್ಪ ಚರ್ಮ ಸೇರಿಸಿ ಇನ್ನೊಮ್ಮೆ ತೆಗೆದರು. ಕಾಲಿನ ಗಂಟು ಹರಡಿದರೆ ಸಾಮಾನ್ಯವಾಗಿ ಮೊದಲು ಸೇರುವ ತೊಡೆಸಂದಿಯ ದುಗ್ಧಗ್ರಂಥಿ ತೆಗೆಯಲಿಲ್ಲ, ಸ್ಕ್ಯಾನ್ ಮಾಡಿ ನೋಡುತ್ತಿದ್ದಾರೆ. ಇಂಥ ಮಕ್ಕಳಲ್ಲಿ ಗ್ರಂಥಿಯೊಳಗೆ ಕೋಶ ಸಿಕ್ಕರೂ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಇರುತ್ತಾರೆ ಎಂಬುದು ಅದಕ್ಕೆ ಕಾರಣ.

ಅಪ್ಪ ಆಗಲೇ ಅರ್ಧ ಎಕರೆ ಮಾರುವ ಲೆಕ್ಕದಲ್ಲಿದ್ದ. ಕ್ರೈಜೋಟಿನಿಬ್, ಲಾರೋಟ್ರೆಕ್ಟಿನಿಬ್ ಅಂತೆಲ್ಲ ಓದಿಕೊಂಡಿದ್ದ. ಬೆಸೆದುಕೊಂಡ ಜೀನಿನ ಕೆಲಸ ತಡೆಯುವ ಆ ಮಾತ್ರೆಗಳು ಇರುವುದು ನಿಜ. ಎರಡನೆಯದಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಎನ್‌ಟಿಆರ್‌ಕೆ ಫ್ಯೂಷನ್ ಇದ್ದವರಿಗೆ. ಆದರೆ ಇಂಥ ಮಾತ್ರೆ ಯೋಚಿಸುವುದು ಗಂಟು ಹರಡಿದಾಗ ಅಥವಾ ಕತ್ತರಿಸಲು ಆಗದ ಜಾಗದಲ್ಲಿದ್ದಾಗ. ಪೂರ್ತಿ ತೆಗೆದಾದ ಮೇಲೆ ಯಾತಕ್ಕೆ? ‘ತೋಟ ಮಾರಬೇಡಿ. ತಪಾಸಣೆ ಮಾತ್ರ ಒಂದೂ ತಪ್ಪಿಸಬೇಡಿ’ ಅಂದೆ.

ಚಿನ್ನುವಿಗೂ ನಿಜ ಹೇಳಿ ಅಂದೆ. ‘ನರಹುಲಿ’ ಅಂತ ಸುಳ್ಳು ಹೇಳಿದ್ದರು. ಎರಡನೇ ಸಲ ಆಪರೇಷನ್ ಯಾಕೆ ಅಂತ ಅವಳಿಗೆ ಅನುಮಾನ ಬಂದೇ ಬಂದಿತ್ತು.

ಅಜ್ಜಿ ಎಲ್ಲರೂ ಹೊರಟ ಮೇಲೆ ಒಬ್ಬರೇ ಬಾಗಿಲ ಹತ್ತಿರ ನಿಂತರು. ‘ಸುಣ್ಣ ಹಚ್ಚಿದ್ದಕ್ಕೆ ಹೀಗಾಯ್ತಾ ತಾಯಿ?’ ಇಲ್ಲ ಅಜ್ಜಿ, ಸುಣ್ಣದಿಂದ ಇದು ಬರುವುದಿಲ್ಲ ಅಂದೆ. ಆದರೆ ಚರ್ಮ ಸುಟ್ಟರೆ ಪರೀಕ್ಷೆ ಮಾಡುವವರಿಗೆ ಕಷ್ಟ, ತೋರಿಸಬೇಕಾದ ದಿನಗಳೂ ಹಾಳು. ಮಗುವಿನ ಮೈಮೇಲೆ ಹೊಸ ಗಂಟು ಎದ್ದು ಬೆಳೆಯುತ್ತಿದ್ದರೆ, ಸುಮ್ಮಸುಮ್ಮನೆ ರಕ್ತ ಬರುತ್ತಿದ್ದರೆ ತೋರಿಸಿ, ಕಪ್ಪಗೇ ಇರಬೇಕು ಅಂತೇನಿಲ್ಲ ಅಂತಲೂ ಹೇಳಿದೆ. ತಲೆಯಾಡಿಸಿದರು. ಸೊಸೆಯ ಚಪ್ಪಲಿ ಒಳಗೇ ಉಳಿದಿತ್ತು. ಬಗ್ಗಿ, ತಾವೇ ಎತ್ತಿಕೊಂಡು ಹೋದರು.